ನಾಗರಿಕರು ಮತ್ತು ಹೋರಾಡದವರು



2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಗಡಿಯಲ್ಲಿ ಫಿರಂಗಿಗಳು ಮೊರೆದ ದಿನಗಳು ನಿಮಗೆ ನೆನಪಿರಬೇಕು. ಮೇ 7ರ ಬೆಳಿಗ್ಗೆ ಜಮ್ಮು ಕಡೆಯ ಪೂಂಚ್ ಪಟ್ಟಣದಲ್ಲಿ ನಮ್ಮ ಸಿ.ಎಂ.ಐ. ಸಭೆಯ ಗುರುಗಳು ನಡೆಸುವ ಕ್ರೈಸ್ಟ್ ಶಾಲೆಯ ಹಿಂಬದಿಗೆ ಶೆಲ್ ಬಿದ್ದಿತು. ಆ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಮಕ್ಕಳು ಅಸುನೀಗಿದರು. ಕಾರ್ಮೆಲ್ ಮಾತೆಯ ಸಭೆಯ ಕನ್ಯಾಸ್ತ್ರೀಯರ ಮಠಕ್ಕೂ ಪೆಟ್ಟು ಬಿದ್ದಿತು. ಆ ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗೆ ನಾನೇ ಒಂದು ವಾಕ್ಯ ಬರೆದು ಸೇರಿಸಿದ್ದೆ: "ಮಡಿದ ನಾಗರಿಕರಿಗಾಗಿಯೂ ಗಡಿ ಕಾಯುವ ನಮ್ಮ ಯೋಧರಿಗಾಗಿಯೂ ಪ್ರಾರ್ಥಿಸೋಣ." ಅದರಲ್ಲಿ ತಪ್ಪೇನೂ ಇದೆಯೆಂದು ನನಗೆ ಅನಿಸಿರಲಿಲ್ಲ.

ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬಾಗಿಲ ಬಳಿ ನಿಂತಿದ್ದರು. ಮಾಲೂರು ತಾಲ್ಲೂಕಿನ ಒಂದು ಹಳ್ಳಿಯವರು. ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕರಾಗಿದ್ದು, 1971ರ ಯುದ್ಧದಲ್ಲಿ ಪೂರ್ವ ಗಡಿಯಲ್ಲಿ ದುಡಿದವರು. ಅವರು ಕೇಳಿದರು: "ಫಾದರ್, ನಿಮ್ಮ ಪ್ರಾರ್ಥನೆಯಲ್ಲಿ ನಾಗರಿಕರಿದ್ದರು, ಯೋಧರಿದ್ದರು. ನಾನು ಯಾವುದರಲ್ಲಿ? ಸಮವಸ್ತ್ರ ಹಾಕಿದ್ದೆ, ಈಗ ಪಿಂಚಣಿ ಬರುವುದೂ ಸೈನಿಕನದೇ. ಆದರೆ ನಾನು ಒಬ್ಬರ ಮೇಲೂ ಗುಂಡು ಹಾರಿಸಲಿಲ್ಲ. ತೋಳಿಗೆ ಕೆಂಪು ಶಿಲುಬೆಯ ಪಟ್ಟಿ ಕಟ್ಟಿಕೊಂಡು ಗಾಯಾಳುಗಳನ್ನು ಹೊತ್ತೆ."

ನಾನು ನಗುತ್ತಾ, "ನೀವು ಎಲ್ಲರಲ್ಲೂ ಇದ್ದೀರಿ" ಎಂದೆ. ಅವರು ನಗಲಿಲ್ಲ. "ಎಲ್ಲರಲ್ಲೂ ಎಂದರೆ ಯಾರಲ್ಲೂ ಇಲ್ಲ ಎಂದ ಹಾಗೆ" ಎಂದರು. ನಂತರ ಇನ್ನೆರಡು ಪ್ರಶ್ನೆ ಮುಂದಿಟ್ಟರು. ಅವರ ಜೊತೆಗಿದ್ದ ಅಡುಗೆಯವನೊಬ್ಬ ಶೆಲ್ ದಾಳಿಯಲ್ಲಿ ಬೇಳೆಯ ಹಂಡೆಯ ಪಕ್ಕದಲ್ಲೇ ಸತ್ತನಂತೆ, ಅವನು ಯಾರು? ಹೊಟ್ಟೆಗೆ ಗುಂಡು ತಗುಲಿ ಬಿದ್ದಿದ್ದ ಶತ್ರು ಸೈನಿಕನೊಬ್ಬನ ತುಟಿಗೆ ಅವರು ನೀರಿನ ಬಟ್ಟೆ ಒತ್ತಿದ್ದರಂತೆ. ಆ ಹೊತ್ತಿಗೆ ಅವನು ಯಾರು?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನಗೆ ಬಾಗಿಲಲ್ಲಿ ನಿಂತು ಕೊಡಲು ಉತ್ತರವಿರಲಿಲ್ಲ. ಮನೆಗೆ ಬಂದು ಪುಸ್ತಕ ತೆರೆದೆ. ಅಲ್ಲಿ ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಎರಡು ಪದಗಳು

ಇಂಗ್ಲಿಷಿನಲ್ಲಿ ಸಿವಿಲಿಯನ್ ಎಂದೊಂದು ಪದವಿದೆ, ನಾನ್‌ಕಂಬಾಟೆಂಟ್ ಎಂದು ಇನ್ನೊಂದಿದೆ. ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ನಮ್ಮ ಪತ್ರಿಕೆಗಳು ಸಿವಿಲಿಯನ್ ಎಂಬುದಕ್ಕೆ 'ನಾಗರಿಕ' ಎಂದು ಬರೆಯುತ್ತವೆ. ಆದರೆ ಈ ಕನ್ನಡ ಪದದ ಹೆಗಲ ಮೇಲೆ ಹೊರೆ ಹೆಚ್ಚು. ಮತದಾನದ ಹಕ್ಕುಳ್ಳ ಪ್ರಜೆಯೂ ನಾಗರಿಕ, ನಯವಿನಯ ಬಲ್ಲವನೂ ನಾಗರಿಕ, ಸೇನೆಗೆ ಸೇರದವನೂ ನಾಗರಿಕ. ಹಾಗಾದರೆ ಸೈನಿಕನು ದೇಶದ ನಾಗರಿಕನಲ್ಲವೇ? ಪರದೇಶಕ್ಕೆ ಕೂಲಿಗೆ ಹೋಗಿ ಅಲ್ಲಿ ಬಾಂಬಿಗೆ ಸಿಕ್ಕವನು ಆ ದೇಶದ ನಾಗರಿಕನಲ್ಲವಾದರೂ ಯುದ್ಧದ ಭಾಷೆಯಲ್ಲಿ ನಾಗರಿಕನೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರ 'ಪೌರುಲು' ಎಂಬ ಪದಕ್ಕೂ ಇದೇ ತೊಡಕು. ತಮಿಳಿನವರು 'ಪೊದುಮಕ್ಕಳ್', ಅಂದರೆ ಸಾರ್ವಜನಿಕರು, ಎಂದು ಬರೆದು ಪಾರಾಗಿದ್ದಾರೆ. ಈ ವಿಷಯದಲ್ಲಿ ಅವರೇ ಮೇಲು ಎಂದು ಒಪ್ಪಬೇಕು.

ಸಿವಿಲಿಯನ್ ಎಂಬುದು ಒಬ್ಬ ವ್ಯಕ್ತಿ ಎಲ್ಲಿಗೆ ಸೇರಿದವನು ಎಂಬುದನ್ನು ಹೇಳುವ ಪದ. ಸೇನೆಯ ಪಟ್ಟಿಯಲ್ಲಿ ಹೆಸರಿಲ್ಲದವನು, ಅಷ್ಟೇ. ಅವನು ಒಳ್ಳೆಯವನೋ ಕೆಟ್ಟವನೋ, ಯುದ್ಧವನ್ನು ಹೊಗಳುವವನೋ ತೆಗಳುವವನೋ ಎಂಬುದನ್ನು ಅದು ಕೇಳುವುದಿಲ್ಲ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪ್ರೋಟೋಕಾಲ್ ಸಿವಿಲಿಯನ್ ಯಾರೆಂಬುದನ್ನು ಹೀಗೆ 'ಅಲ್ಲ' ಎಂಬ ಪದದಿಂದಲೇ ಬಿಡಿಸಿ ಹೇಳುತ್ತದೆ. ಒಬ್ಬನು ಯಾರೆಂದು ಸಂಶಯ ಬಂದರೆ ಅವನನ್ನು ಸಿವಿಲಿಯನ್ ಎಂದೇ ಎಣಿಸಬೇಕು ಎಂದೂ ಕಟ್ಟಳೆ ಮಾಡುತ್ತದೆ. (1949ರ ನಾಲ್ಕು ಒಪ್ಪಂದಗಳಿಗೆ ಭಾರತ ಸೇರಿದೆ, 1960ರಲ್ಲಿ ಅದಕ್ಕಾಗಿಯೇ ಕಾಯ್ದೆಯನ್ನೂ ಮಾಡಿದೆ. 1977ರ ಪ್ರೋಟೋಕಾಲಿಗೆ ಸೇರಿಲ್ಲ. ಆದರೆ ಸೈನಿಕರನ್ನೂ ಸಿವಿಲಿಯನ್ನರನ್ನೂ ಬೇರೆಬೇರೆಯಾಗಿ ಕಾಣಬೇಕೆಂಬ ಮೂಲ ನಿಯಮ ರೂಢಿಯಿಂದ ಬಂದದ್ದು. ಅದು ಎಲ್ಲರಿಗೂ ಅನ್ವಯಿಸುತ್ತದೆ.)

ನಾನ್‌ಕಂಬಾಟೆಂಟ್ ಎಂಬುದು ಹಾಗಲ್ಲ. ಅದು ಒಬ್ಬನು ಏನು ಮಾಡುತ್ತಿದ್ದಾನೆ ಎಂಬುದನ್ನು ಕೇಳುತ್ತದೆ. ಈ ಲೇಖನದಲ್ಲಿ ಅದನ್ನು 'ಹೋರಾಡದವನು' ಎಂದು ಕರೆಯೋಣ. ಸೇನೆಯ ಒಳಗೇ ಹೋರಾಡದವರು ಇರಬಹುದು. 1907ರ ಹೇಗ್ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳಿದ್ದವು: ಸೇನೆಯಲ್ಲಿ ಹೋರಾಡುವವರೂ ಹೋರಾಡದವರೂ ಇರಬಹುದು, ಸೆರೆಸಿಕ್ಕರೆ ಇಬ್ಬರಿಗೂ ಯುದ್ಧಕೈದಿಯ ಮರ್ಯಾದೆ ಸಲ್ಲಬೇಕು. ಕಾಲ ಕಳೆದಂತೆ ಕಾನೂನು ಈ ಪದವನ್ನು ಬಿಗಿಗೊಳಿಸಿತು. ಇಂದಿನ ಕಾನೂನಿನಂತೆ ಸೇನೆಯ ಒಳಗಿದ್ದೂ ಹೋರಾಡದವರೆಂದು ಎಣಿಕೆಯಾಗುವವರು ಎರಡೇ ಬಗೆ: ವೈದ್ಯಕೀಯ ಸಿಬ್ಬಂದಿ ಮತ್ತು ಧಾರ್ಮಿಕ ಸೇವೆ ಮಾಡುವವರು, ಅಂದರೆ ನಮ್ಮ ಸೇನೆಯಲ್ಲಿರುವ ಪಂಡಿತರು, ಮೌಲವಿಗಳು, ಗ್ರಂಥಿಗಳು, ಪಾದ್ರಿಗಳು. ಇವರು ಶತ್ರುವಿನ ಕೈಗೆ ಸಿಕ್ಕರೂ ಯುದ್ಧಕೈದಿಗಳಲ್ಲ. ಕೈದಿಗಳ ಆರೈಕೆಗೆ ಬೇಕಾದಷ್ಟು ಕಾಲ ಮಾತ್ರ ಅವರನ್ನು ಉಳಿಸಿಕೊಳ್ಳಬಹುದು. ವೈದ್ಯಕೀಯ ಸಿಬ್ಬಂದಿ ತಮ್ಮ ಮತ್ತು ತಮ್ಮ ಗಾಯಾಳುಗಳ ರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು. ಅದರಿಂದ ದಾಳಿ ಮಾಡಿದರೆ ತೋಳಿನ ಶಿಲುಬೆಯ ರಕ್ಷೆ ಅಲ್ಲಿಗೇ ಮುಗಿಯಿತು.

ಹಾಗಾಗಿ ನಮ್ಮ ಹಿರಿಯರ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವರು ನಾಗರಿಕರಲ್ಲ, ಆದರೂ ಹೋರಾಡದವರು. ನನ್ನ ಪ್ರಾರ್ಥನೆಯಲ್ಲಿ ಅವರಿಗೆ ನಿಜವಾಗಿಯೂ ಜಾಗವಿರಲಿಲ್ಲ.

ಅಡುಗೆಯವನ ಪ್ರಶ್ನೆಗೆ ಸಿಕ್ಕ ಉತ್ತರ ನನ್ನನ್ನು ಕಾಡಿತು. ಸೇನೆಯ ಪಟ್ಟಿಯಲ್ಲಿ ಅವನ ಹೆಸರಿದ್ದರೆ, ಜೀವಮಾನದಲ್ಲಿ ಸೌಟನ್ನಲ್ಲದೆ ಬೇರೇನನ್ನೂ ಎತ್ತದಿದ್ದರೂ, ಕಾನೂನಿನ ಕಣ್ಣಿಗೆ ಅವನು ಹೋರಾಡುವವನೇ. ಅವನ ಮೇಲೆ ಗುರಿಯಿಟ್ಟದ್ದು ಅಪರಾಧವಲ್ಲ. ಅದೇ ಬೇಳೆಯನ್ನು ಗುತ್ತಿಗೆಗೆ ಬೇಯಿಸುವ ಹೊರಗಿನ ಅಡುಗೆಯವನಾಗಿದ್ದರೆ ಅವನು ಸಿವಿಲಿಯನ್. ಹಂಡೆ ಒಂದೇ, ಒಲೆ ಒಂದೇ, ಕೆಲಸವೂ ಒಂದೇ. ವ್ಯತ್ಯಾಸ ಇರುವುದು ಹಾಜರಿ ಪುಸ್ತಕದಲ್ಲಿ. ಕಾನೂನು ಹೀಗೆ ಗೆರೆ ಎಳೆಯುವುದಕ್ಕೆ ಕಾರಣವಿದೆ: ಇಂದು ಸೌಟು ಹಿಡಿದವನಿಗೆ ನಾಳೆ ಬಂದೂಕು ಹಿಡಿಯುವ ಆಜ್ಞೆ ಬರಬಹುದು, ದೂರದಿಂದ ನೋಡುವ ಶತ್ರುವಿಗೆ ಅದು ತಿಳಿಯುವುದೂ ಇಲ್ಲ. ಆದರೆ ಕಾನೂನು 'ಕೊಲ್ಲಬಹುದು' ಎಂದದ್ದೆಲ್ಲ ಕೊಲ್ಲಬೇಕಾದದ್ದೇನಲ್ಲ.

ಬೆಸೋರ್ ಹಳ್ಳದ ದಂಡೆಯಲ್ಲಿ

ಪವಿತ್ರ ಗ್ರಂಥದಲ್ಲಿ ಈ ಮೂರು ಪ್ರಶ್ನೆಗಳೂ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಸಮುವೇಲನ ಮೊದಲನೆಯ ಗ್ರಂಥದ 30ನೆಯ ಅಧ್ಯಾಯವನ್ನು ತೆಗೆಯಿರಿ. ನಾನು ಇದನ್ನು ಎಷ್ಟೋ ಸಲ ಓದಿದ್ದೆ. ಹಿರಿಯರ ಪ್ರಶ್ನೆ ಕೇಳುವವರೆಗೆ ಅದರಲ್ಲಿ ಇಷ್ಟಿದೆ ಎಂದು ಕಂಡಿರಲಿಲ್ಲ.

ದಾವೀದನೂ ಅವನ ಆರುನೂರು ಮಂದಿಯೂ ಊರಲ್ಲಿಲ್ಲದಾಗ ಅಮಾಲೇಕ್ಯರು ಚಿಕ್ಲಗ್ ಊರನ್ನು ಸುಟ್ಟು, ಹೆಂಗಸರು ಮಕ್ಕಳನ್ನೆಲ್ಲ ಸೆರೆಹಿಡಿದು ಒಯ್ದರು. ದಾವೀದನ ಇಬ್ಬರು ಪತ್ನಿಯರಾದ ಅಹೀನೋವಮಳೂ ಅಬೀಗೈಲಳೂ ಅವರಲ್ಲಿದ್ದರು. ಗಂಡಸರು ಬಂದು ನೋಡಿ ಅಳಲು ಶಕ್ತಿ ಉಳಿಯದಷ್ಟು ಅತ್ತರು. ಸೆರೆಹೋದ ಈ ಹೆಂಗಸರು ಮಕ್ಕಳು ಸಿವಿಲಿಯನ್ನರು. ಇದರಲ್ಲಿ ಯಾರಿಗೂ ಸಂಶಯವಿಲ್ಲ.

ಬೆನ್ನಟ್ಟಿ ಹೋಗುವಾಗ ಬೆಸೋರ್ ಹಳ್ಳದ ಬಳಿ ಇನ್ನೂರು ಮಂದಿ ದಣಿದು ನಿಂತುಬಿಟ್ಟರು. ಅವರು ಸಾಮಾನುಗಳ ಬಳಿ ಉಳಿದರು. ನಾನೂರು ಮಂದಿ ಮುಂದೆ ಹೋದರು. ದಾರಿಯಲ್ಲಿ ಹೊಲವೊಂದರಲ್ಲಿ ಒಬ್ಬ ಐಗುಪ್ತದ ಯುವಕ ಸಿಕ್ಕಿದ. ಅಮಾಲೇಕ್ಯನೊಬ್ಬನ ಆಳು, ಕಾಯಿಲೆ ಬಿದ್ದನೆಂದು ಒಡೆಯ ಅವನನ್ನು ಬಿಟ್ಟು ಹೋಗಿದ್ದ. ಮೂರು ಹಗಲು ಮೂರು ರಾತ್ರಿ ಅನ್ನ ನೀರು ಕಂಡಿರಲಿಲ್ಲ. ಚಿಕ್ಲಗನ್ನು ಸುಟ್ಟವರ ಗುಂಪಿನಲ್ಲಿ ತಾನೂ ಇದ್ದೆನೆಂದು ಅವನೇ ನಂತರ ಒಪ್ಪಿಕೊಂಡ. ಆದರೆ ದಾವೀದನ ಜನ ಮೊದಲು ಪ್ರಶ್ನೆ ಕೇಳಲಿಲ್ಲ. ಮೊದಲು ರೊಟ್ಟಿ, ನೀರು, ಅಂಜೂರ, ಒಣದ್ರಾಕ್ಷಿ ಕೊಟ್ಟರು. ನೀನು ಯಾರವನು ಎಂಬ ಪ್ರಶ್ನೆ ಬಂದದ್ದು ಅವನು ಚೇತರಿಸಿಕೊಂಡ ಮೇಲೆ. ನಮ್ಮ ಹಿರಿಯರು ಆ ಶತ್ರು ಸೈನಿಕನ ತುಟಿಗೆ ಒತ್ತಿದ ನೀರಿನ ಬಟ್ಟೆಯೂ ಇದೇ ಕ್ರಮದಲ್ಲಿ ಬಂತು. ಗಾಯಗೊಂಡು ಬಿದ್ದವನು, ಶರಣಾದವನು, ಸೆರೆಸಿಕ್ಕವನು ಯಾವ ಸೇನೆಯ ಪಟ್ಟಿಯಲ್ಲಿದ್ದರೂ ಆ ಹೊತ್ತಿಗೆ ಹೋರಾಡದವನೇ. ನಾಗರಿಕ ಎಂಬ ಪದಕ್ಕೆ ಅವನನ್ನು ಮುಟ್ಟಲು ಆಗುವುದಿಲ್ಲ. ಹೋರಾಡದವನು ಎಂಬ ಪದ ಅವನನ್ನು ಮುಟ್ಟುತ್ತದೆ.

ಗೆದ್ದು ಮರಳುವಾಗ ಜಗಳ ಎದ್ದಿತು. ಯುದ್ಧಕ್ಕೆ ಬಾರದ ಇನ್ನೂರು ಮಂದಿಗೆ ಹೆಂಡಿರು ಮಕ್ಕಳನ್ನು ಮಾತ್ರ ಕೊಟ್ಟು ಕಳುಹಿಸೋಣ, ಕೊಳ್ಳೆಯಲ್ಲಿ ಪಾಲು ಬೇಡ ಎಂದು ಕೆಲವರು ವಾದಿಸಿದರು. ದಾವೀದ ಒಪ್ಪಲಿಲ್ಲ. ಸಾಮಾನು ಕಾದವನಿಗೂ ಕಾದಾಡಿದವನಿಗೂ ಸಮಪಾಲು ಎಂದು ತೀರ್ಮಾನಿಸಿದ, ಅದು ಇಸ್ರಯೇಲಿನಲ್ಲಿ ಕಟ್ಟಳೆಯಾಗಿ ನಿಂತಿತು (1 ಸಮು. 30:24-25). ನಾವು ಈ ವಚನವನ್ನು ಸಾಮಾನ್ಯವಾಗಿ ಹಂಚಿಕೊಳ್ಳುವಿಕೆಯ ಪಾಠವೆಂದು ಬೋಧಿಸುತ್ತೇವೆ. ಅದು ಸರಿಯೇ. ಆದರೆ ಸಾಮಾನು ಕಾದವರು ಹೋರಾಡಲಿಲ್ಲವೆಂದು ಅವರು ಪಡೆಗೆ ಸೇರಿದವರಲ್ಲ ಎಂದಾಗುವುದಿಲ್ಲ ಎಂಬುದೂ ಅದರಲ್ಲಿದೆ. ಲಾಭದಲ್ಲಿ ಸಮಪಾಲು ಇದ್ದಮೇಲೆ ಹೊಣೆಯಲ್ಲೂ ಪಾಲಿದೆ.

ನಮ್ಮ ಬೆಟ್ಟದ ಕೆಳಗೆ ನಡೆದದ್ದು

ಸಾಮಾನು ಕಾಯುವವರ ಕಥೆ ನಮ್ಮ ಜಿಲ್ಲೆಯಲ್ಲೂ ಒಂದಿದೆ. ತಿರುಪತಿ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಮುಳಬಾಗಿಲಿನ ಬಂಡೆಬೆಟ್ಟವನ್ನು ನೀವೆಲ್ಲ ನೋಡಿದ್ದೀರಿ. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರಲ್ಲಿ, ಇಂಗ್ಲಿಷರ ಸೇನೆ ಕೋಲಾರ ಮುಳಬಾಗಿಲುಗಳನ್ನು ಹಿಡಿಯಿತು. ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ ಮುಳಬಾಗಿಲನ್ನು ಮತ್ತೆ ವಶಪಡಿಸಿಕೊಂಡ. ಅದನ್ನು ಹಿಂದಕ್ಕೆ ಪಡೆಯಲು ಬಂದ ಕರ್ನಲ್ ವುಡ್ ಅಕ್ಟೋಬರ್ ತಿಂಗಳಲ್ಲಿ ಹೈದರಲಿಯ ದೊಡ್ಡ ಸೇನೆಯ ನಡುವೆ ಸಿಕ್ಕಿಬಿದ್ದ. ಇನ್ನೇನು ಸೋಲು ಎನ್ನುವಾಗ, ಸಾಮಾನುಗಳ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ತನ್ನ ಕಾವಲುಗಾರರ ಜೊತೆಗೆ ಎದ್ದು ನಡೆಯಬಲ್ಲ ರೋಗಿಗಳನ್ನೂ ಗಾಯಾಳುಗಳನ್ನೂ ಸೇರಿಸಿಕೊಂಡು, ಎರಡು ಫಿರಂಗಿಗಳನ್ನು ಮರೆಯ ದಾರಿಯಲ್ಲಿ ಒಂದು ಚಪ್ಪಟೆ ಬಂಡೆಯ ಮೇಲಕ್ಕೆ ಎಳೆದು ತಂದ. ಅಲ್ಲಿಂದ ಗುಂಡು ಹಾರಿಸಿ ಎಲ್ಲರೂ ಒಟ್ಟಾಗಿ "ಸ್ಮಿತ್! ಸ್ಮಿತ್!" ಎಂದು ಕೂಗಿದರು. ಕರ್ನಲ್ ಸ್ಮಿತ್‌ನ ಸೇನೆ ನೆರವಿಗೆ ಬಂತೆಂದು ಹೈದರಲಿಯ ಕಡೆಯವರು ತಡೆದು ನಿಂತರು. ಸ್ಮಿತ್ ಅಲ್ಲಿರಲೇ ಇಲ್ಲ. ಆ ಬಿಡುವಿನಲ್ಲಿ ವುಡ್‌ನ ಪಡೆ ಮತ್ತೆ ಕೂಡಿಕೊಂಡಿತು. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಚರಿತ್ರೆಯಲ್ಲಿ ಈ ಪ್ರಸಂಗವಿದೆ.

ಶಾಲೆಯ ಮಕ್ಕಳಿಗೆ ಇದನ್ನು ಜಾಣತನದ ಕಥೆಯಾಗಿ ಹೇಳಬಹುದು. ಹುಸಿ ಕೂಗಿನಿಂದ ಶತ್ರುವನ್ನು ದಾರಿತಪ್ಪಿಸುವುದು ಇಂದಿನ ಕಾನೂನಿಗೂ ತಪ್ಪಲ್ಲ. ನಾನು ನೋಡುವುದು ಆ ಗಾಯಾಳುಗಳನ್ನು. ಡೋಲಿಯಲ್ಲಿ ಮಲಗಿದ್ದ ಹೊತ್ತಿನಲ್ಲಿ ಅವರು ಹೋರಾಡದವರು. ಅವರನ್ನು ಕೊಲ್ಲುವುದು ಪಾಪ. ಫಿರಂಗಿಯ ಹಗ್ಗಕ್ಕೆ ಕೈಹಾಕಿದ ಹೊತ್ತಿನಿಂದ ಅವರು ಹೋರಾಡುವವರು. ಮೈಯ ಗಾಯ ಅದೇ, ಪಟ್ಟಿಯಲ್ಲಿನ ಹೆಸರೂ ಅದೇ, ಬದಲಾದದ್ದು ಕೆಲಸ. ಹೋರಾಡದವನು ಎಂಬ ಪದ ಹೀಗೆ ಗಳಿಗೆಗೊಮ್ಮೆ ಬಂದು ಹೋಗಬಲ್ಲದು, ಎರಡೂ ಕಡೆಗೆ. ನಾಗರಿಕನಿಗೂ ಇದೇ ಮಾತು: ನೇರವಾಗಿ ಹೋರಾಟಕ್ಕೆ ಇಳಿದರೆ, ಇಳಿದಷ್ಟು ಕಾಲ ಅವನಿಗೆ ರಕ್ಷೆಯಿಲ್ಲ. ಅವನು ಸಿವಿಲಿಯನ್ ಆಗಿಯೇ ಇರುತ್ತಾನೆ, ಆದರೆ ಹೋರಾಡದವನಾಗಿ ಉಳಿಯುವುದಿಲ್ಲ. ಎರಡು ಪದಗಳೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಪ್ಪತ್ತಮೂರು ವರ್ಷಗಳ ನಂತರ, 1791ರ ಫೆಬ್ರವರಿಯಲ್ಲಿ, ಲಾರ್ಡ್ ಕಾರ್ನ್‌ವಾಲಿಸ್ ಮೊಗಲಿ ಘಾಟನ್ನು ಹತ್ತಿ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ದಾರಿಯಲ್ಲೇ ಬೆಂಗಳೂರಿಗೆ ಹೋದ. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿದ್ದಿತು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಅವನ ಎತ್ತುಗಳು ಸತ್ತು, ಧಾನ್ಯ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಆ ಕಾಲದ ಸೇನೆಗಳಿಗೆ ಹೇರೆತ್ತುಗಳ ಮೇಲೆ ಧಾನ್ಯ ತಂದು ಮಾರುತ್ತಿದ್ದವರು ಬಂಜಾರರು, ಇಂದಿನ ನಮ್ಮ ಲಂಬಾಣಿಗರ ಪೂರ್ವಿಕರು. ಕಾರ್ನ್‌ವಾಲಿಸ್‌ನ ಸೇನೆಯೂ ಅವರನ್ನು ನೆಚ್ಚಿಕೊಂಡಿತ್ತು. ಹೆಂಡತಿ, ಮಕ್ಕಳು, ನಾಯಿಗಳ ಸಮೇತ ಅವರು ಸೇನೆಯ ಹಿಂದೆ ನಡೆಯುತ್ತಿದ್ದರು. ಅವರು ಯಾರು? ಇಂದಿನ ಜಿನೀವಾ ಒಪ್ಪಂದದಲ್ಲಿ ಅಂಥವರಿಗೆ ಒಂದು ಸಾಲು ಇದೆ: ಸೇನೆಯೊಡನೆ ನಡೆಯುವ, ಆದರೆ ಸೇನೆಗೆ ಸೇರದ ಸರಬರಾಜು ಗುತ್ತಿಗೆದಾರರು, ಯುದ್ಧ ವರದಿಗಾರರು ಮೊದಲಾದವರು ಸಿವಿಲಿಯನ್ನರೇ, ಅಧಿಕೃತವಾಗಿ ಅನುಮತಿ ಪಡೆದವರಾಗಿದ್ದರೆ, ಸೆರೆಸಿಕ್ಕಾಗ ಯುದ್ಧಕೈದಿಯ ಹಕ್ಕು ಅವರಿಗೂ ಉಂಟು.

ಧರ್ಮಸಭೆ ಬಳಸಿದ ಪದ

ಆ ಹೇರೆತ್ತುಗಳ ಮಾತು ಬಂದದ್ದರಿಂದ ಹೇಳುತ್ತೇನೆ. 1179ರಲ್ಲಿ ರೋಮಿನಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆ ಯುದ್ಧಕಾಲದಲ್ಲಿ ಯಾರನ್ನು ಮುಟ್ಟಬಾರದು ಎಂದು ಒಂದು ಪಟ್ಟಿ ಕೊಟ್ಟಿತು. ಗುರುಗಳು, ಸನ್ಯಾಸಿಗಳು, ವ್ಯಾಪಾರಿಗಳು, ಹೊಲಕ್ಕೆ ಹೋಗಿಬರುವ ರೈತರು. ಅವರ ಜೊತೆಗೆ ಹೊಲಕ್ಕೆ ಬೀಜ ಹೊರುವ ಪ್ರಾಣಿಗಳನ್ನೂ ಸೇರಿಸಿತು. ಇದಕ್ಕೂ ಮೊದಲು, 989ರಲ್ಲಿ, ಫ್ರಾನ್ಸಿನ ಶರೂ ಎಂಬಲ್ಲಿ ಸೇರಿದ ಧರ್ಮಾಧ್ಯಕ್ಷರು ಬಡವರ ದನಕರುಗಳನ್ನು ದೋಚುವವರಿಗೆ ಬಹಿಷ್ಕಾರ ಹಾಕಿದ್ದರು. ಸಿವಿಲಿಯನ್ ಎಂಬ ಮಾತು ಇಂದಿನ ಅರ್ಥಕ್ಕೆ ಬರುವ ನೂರಾರು ವರ್ಷಗಳ ಮೊದಲೇ ಧರ್ಮಸಭೆ ಪದವಿಯನ್ನಲ್ಲ, ಕೆಲಸವನ್ನು ನೋಡಿತ್ತು.

ನಮ್ಮ ದೈವಶಾಸ್ತ್ರಜ್ಞರು ಬಳಸಿದ ಲತೀನ್ ಪದ ಇನ್ನೊಸೆಂಟೆಸ್. ಇದನ್ನು ಪತ್ರಿಕೆಗಳು 'ಅಮಾಯಕರು' ಎಂದು ಬರೆಯುತ್ತವೆ. ಅಮಾಯಕ ಎಂದರೆ ಕಪಟವರಿಯದ ಮುಗ್ಧ. ಇದು ದೊಡ್ಡ ಅಪಾರ್ಥಕ್ಕೆ ದಾರಿ. ಆ ಲತೀನ್ ಪದದ ಬೇರು 'ನೊಚೆರೆ', ಹಾನಿ ಮಾಡುವುದು. ಇನ್ನೊಸೆನ್ಸ್ ಎಂದರೆ ಹಾನಿ ಮಾಡದಿರುವವನು. ಯುದ್ಧದ ವಿಚಾರದಲ್ಲಿ ಅದು ಮನಸ್ಸಿನ ಶುದ್ಧಿಯ ಪ್ರಶ್ನೆಯಲ್ಲ. ಶತ್ರು ದೇಶದ ರೈತ ಮನಸ್ಸಿನಲ್ಲಿ ನಮ್ಮನ್ನು ಶಪಿಸುತ್ತಿರಬಹುದು, ತನ್ನ ಸೇನೆ ಗೆಲ್ಲಲೆಂದು ಹರಕೆ ಹೊರುತ್ತಿರಬಹುದು. ಹಾಗೆಂದು ಅವನು ಹಾನಿ ಮಾಡುತ್ತಿಲ್ಲ. ಬಂದೂಕು ಹಿಡಿದ ಹದಿನೆಂಟರ ಹುಡುಗ ಅವನಿಗಿಂತ ಮುಗ್ಧನಿರಬಹುದು; ಆದರೆ ಹಾನಿ ಮಾಡುತ್ತಿರುವವನು ಅವನೇ. 1539ರಲ್ಲಿ ಸಲಮಾಂಕದ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ, ತುರ್ಕರ ವಿರುದ್ಧದ ಯುದ್ಧದಲ್ಲಿ ಕೂಡ ಅವರ ಮಕ್ಕಳನ್ನೂ ಹೆಂಗಸರನ್ನೂ ಕೊಲ್ಲುವಂತಿಲ್ಲ ಎಂದರು. ಆ ಕಾಲದ ಯುರೋಪಿನಲ್ಲಿ ತುರ್ಕರ ಮೇಲೆ ಎಂಥ ಭಯವಿತ್ತು ಎಂಬುದನ್ನು ನೆನೆದರೆ ಆ ಮಾತಿನ ಧೈರ್ಯ ತಿಳಿಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ನಗರಗಳ ಮೇಲೆಯೇ ಬಾಂಬಿನ ಮಳೆ ಸುರಿಯತೊಡಗಿದಾಗ, ಇಂದಿನ ಯುದ್ಧದಲ್ಲಿ ಇಡೀ ದೇಶವೇ ಹೋರಾಡುತ್ತದೆ, ನಾಗರಿಕರು ಎಂಬುವರೇ ಇಲ್ಲ ಎಂದು ವಾದಿಸಿದವರಿದ್ದರು. ಅಮೆರಿಕದ ಯೇಸುಸಭೆಯ ಗುರು ಜಾನ್ ಫೋರ್ಡ್ 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ತಮ್ಮ ದೇಶದ ಸೇನೆಯೇ ಮಾಡುತ್ತಿದ್ದ ಈ ಕೆಲಸವನ್ನು ಖಂಡಿಸಿ ಬರೆದರು. ಅವರು ಮಾಡಿದ್ದು ಸರಳ: ನೂರಕ್ಕೂ ಹೆಚ್ಚು ಕಸುಬುಗಳ ಒಂದು ಉದ್ದ ಪಟ್ಟಿ ಕೊಟ್ಟು, ಇವರೆಲ್ಲ ಕೊಲೆಗೆ ಅರ್ಹರೇ ಹೇಳಿ ಎಂದು ಕೇಳಿದರು. ನಮ್ಮ ಸೀಮೆಗೆ ಅಂಥ ಪಟ್ಟಿ ಮಾಡಿ ನೋಡಿ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ತರುವವನು, ಶ್ರೀನಿವಾಸಪುರದ ಮಾವಿನ ತೋಪು ಕಾಯುವವನು, ಮಾಲೂರಿನಲ್ಲಿ ಹೆಂಚು ಸುಡುವವಳು, ಡೇರಿಗೆ ಹಾಲು ಹಾಕುವವಳು, ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವವಳು. ಇವರ ಹಾಲು, ಹಣ್ಣು, ತರಕಾರಿ ಸೈನಿಕನ ತಟ್ಟೆಗೂ ಹೋಗುತ್ತವೆ. ಆದರೆ ಸೈನಿಕ ಉಣ್ಣುವುದು ಮನುಷ್ಯನಾಗಿರುವುದರಿಂದ, ಸೈನಿಕನಾಗಿರುವುದರಿಂದ ಅಲ್ಲ. ಮಾವಿನ ಮಾತು ಬಂದಾಗ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವನ್ನೂ ನೆನೆಯಬಹುದು: ಮುತ್ತಿಗೆ ಹಾಕಿದ ಊರಿನ ಹಣ್ಣಿನ ಮರಗಳನ್ನು ಕಡಿಯಬಾರದೆಂದು ಅಲ್ಲಿ ಆಜ್ಞೆಯಿದೆ.

ಈಗ ಪಕ್ಕದ ಕೆ.ಜಿ.ಎಫ್.ಗೆ ಬನ್ನಿ. 1964ರಲ್ಲಿ ಆರಂಭವಾದ ಬಿ.ಇ.ಎಂ.ಎಲ್. ಅಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ತಯಾರಿಸುತ್ತದೆ. ಆ ಸಂಸ್ಥೆ ಸೇನೆಗೂ ವಾಹನಗಳನ್ನು ಒದಗಿಸುತ್ತದೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳೂ ಉಂಟು. ಸೇನೆಯ ವಾಹನಕ್ಕೆ ಬೆಸುಗೆ ಹಾಕುವವನು ಸಿವಿಲಿಯನ್, ಅದರಲ್ಲಿ ಸಂದೇಹವಿಲ್ಲ. ಅವನು ಹೋರಾಡದವನೇ? ಇಲ್ಲಿ ಒಳ್ಳೆಯ ಮನಸ್ಸಿನ ತತ್ತ್ವಜ್ಞಾನಿಗಳೂ ಕವಲೊಡೆಯುತ್ತಾರೆ. ಮೈಕೆಲ್ ವಾಲ್ಜರ್ ಎಂಬ ಅಮೆರಿಕದ ಚಿಂತಕ 1977ರ ತನ್ನ ಗ್ರಂಥದಲ್ಲಿ, ಸೈನಿಕನಿಗೆ ಬದುಕಲು ಬೇಕಾದದ್ದನ್ನು ಮಾಡುವವರನ್ನು ಹೋರಾಡಲು ಬೇಕಾದದ್ದನ್ನು ಮಾಡುವವರಿಂದ ಬೇರ್ಪಡಿಸಿದ. ಅವನ ಲೆಕ್ಕದಲ್ಲಿ ಶಸ್ತ್ರ ಮಾಡುವ ಕೆಲಸಗಾರ ಕಾರ್ಖಾನೆಯೊಳಗೆ ಇರುವಷ್ಟು ಹೊತ್ತು ಗೆರೆಯ ಆಚೆಗಿದ್ದಾನೆ. ಕಾನೂನು ಇನ್ನೂ ಎಚ್ಚರದಿಂದ ಮಾತಾಡುತ್ತದೆ: ಕಾರ್ಖಾನೆ ಗುರಿಯಾಗಬಹುದು, ಕೆಲಸಗಾರ ಗುರಿಯಲ್ಲ. ಪಾಳಿ ಮುಗಿಸಿ ಮನೆಯಲ್ಲಿ ಮುದ್ದೆ ಉಣ್ಣುತ್ತಿರುವವನನ್ನು ಕೊಲ್ಲಲು ಬೀದಿಗೆ ಬಾಂಬು ಹಾಕುವುದು ಎಲ್ಲರ ಲೆಕ್ಕದಲ್ಲೂ ಕೊಲೆ. ನನಗೆ ಕಾನೂನಿನ ಮಾತೇ ಹಿತ. ಏಕೆಂದರೆ ಕೆಲಸಗಾರನನ್ನು ಒಮ್ಮೆ ಗುರಿ ಎಂದು ಕರೆದರೆ ಅವನಿಗೆ ಬುತ್ತಿ ಕಟ್ಟಿಕೊಡುವ ಹೆಂಡತಿಯನ್ನು ಹಾಗೆ ಕರೆಯಲು ತಡವಾಗುವುದಿಲ್ಲ.

1965ರಲ್ಲಿ ವ್ಯಾಟಿಕನ್ ದ್ವಿತೀಯ ಮಹಾಸಭೆ, ಇಡೀ ನಗರಗಳನ್ನು ಅವುಗಳ ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಸಾರಿತು. 1992ರ ಧರ್ಮೋಪದೇಶ ಗ್ರಂಥ ತನ್ನ 2313ನೆಯ ಪರಿಚ್ಛೇದದಲ್ಲಿ ಯುದ್ಧದಲ್ಲೂ ಯಾರನ್ನು ಗೌರವಿಸಿ ಮಾನವೀಯವಾಗಿ ನಡೆಸಿಕೊಳ್ಳಬೇಕು ಎಂದು ಹೆಸರಿಸುವಾಗ ಸಿವಿಲಿಯನ್ ಎಂಬ ಪದವನ್ನು ಆರಿಸಲಿಲ್ಲ. ಹೋರಾಡದವರು, ಗಾಯಗೊಂಡ ಸೈನಿಕರು, ಕೈದಿಗಳು ಎಂದು ಮೂವರನ್ನೂ ಒಟ್ಟಿಗೆ ಇಟ್ಟಿತು. ನನ್ನ ಭಾನುವಾರದ ವಾಕ್ಯಕ್ಕೂ ಈ ವಾಕ್ಯಕ್ಕೂ ಇರುವ ಅಂತರ ನೀವೇ ನೋಡಿ.

ಮನೆಗಳಲ್ಲಿ ಮಗ ಸೇನೆಗೆ ಸೇರುವ ಮಾತು ಬಂದಾಗ ತಾಯಂದಿರು ನನ್ನ ಬಳಿ ಬರುವುದುಂಟು. ದೇಶರಕ್ಷಣೆಯ ಸೇವೆಯನ್ನು ಪ್ರಾಮಾಣಿಕವಾಗಿ ಮಾಡುವವರನ್ನು ಧರ್ಮಸಭೆ ಗೌರವಿಸುತ್ತದೆ. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರನ್ನೂ ಗೌರವಿಸುತ್ತದೆ. ಆಸ್ಟ್ರಿಯದ ರೈತ ಫ್ರಾಂಜ್ ಯೇಗರ್‌ಸ್ಟೆಟರ್ ಹಿಟ್ಲರನ ಸೇನೆಯಲ್ಲಿ ಹೋರಾಡಲು ಒಲ್ಲೆನೆಂದ, ಗಾಯಾಳುಗಳ ಸೇವೆಯನ್ನು ಬೇಕಾದರೆ ಮಾಡುತ್ತೇನೆಂದ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಹಿಂದೆ ಹೆಂಡತಿಯೂ ಮೂವರು ಚಿಕ್ಕ ಹೆಣ್ಣುಮಕ್ಕಳೂ ಉಳಿದರು. 2007ರಲ್ಲಿ ಧರ್ಮಸಭೆ ಅವನನ್ನು ಪುನೀತರ ಸಾಲಿಗೆ ಸೇರಿಸಿತು. ನಮ್ಮ ಹಿರಿಯರು ಮಾಡಿದ ಕೆಲಸ ಸಿಕ್ಕಿದ್ದರೆ ಆ ಮನುಷ್ಯ ಪ್ರಾಯಶಃ ಬದುಕಿ ಮನೆಗೆ ಮರಳುತ್ತಿದ್ದ.

ಟಿ.ವಿ.ಯ ಮುಂದೆ ಕುಳಿತಾಗ ಮಕ್ಕಳು "ಸತ್ತವರು ಯಾರು?" ಎಂದು ಕೇಳುತ್ತಾರೆ. "ಅವರ ಕಡೆಯವರು" ಎಂಬುದು ನಮ್ಮ ಬಾಯಿಗೆ ಬೇಗ ಬರುವ ಉತ್ತರ. ಅದರ ಬದಲು "ಅವರು ಏನು ಮಾಡುತ್ತಿದ್ದರು?" ಎಂದು ಮಕ್ಕಳೊಡನೆ ಸೇರಿ ಕೇಳಿ ನೋಡಿ. ಉತ್ತರ ಯಾವಾಗಲೂ ಸಿಗುತ್ತದೆಂದೇನಿಲ್ಲ.

ಮುಂದಿನ ಭಾನುವಾರ ನಾವು ಪ್ರಾರ್ಥನೆಯನ್ನು ಬದಲಾಯಿಸಿದೆವು: "ಗಡಿಯ ಎರಡೂ ಕಡೆ ಮಡಿದ ಮಕ್ಕಳಿಗಾಗಿ, ಹೆಂಗಸರು ಗಂಡಸರಿಗಾಗಿ, ಗಡಿ ಕಾಯುವವರಿಗಾಗಿ, ಅವರಿಗೆ ಅನ್ನ ಬೇಯಿಸುವವರಿಗಾಗಿ, ಗಾಯಾಳುಗಳನ್ನು ಹೊರುವವರಿಗಾಗಿ, ಗಾಯಗೊಂಡು ಬಿದ್ದ ಶತ್ರುವಿಗಾಗಿ ಪ್ರಾರ್ಥಿಸೋಣ." ಓದಲು ಆ ಹಿರಿಯರನ್ನೇ ಕರೆದೆ. ಕೊನೆಯ ಮಾತಿಗೆ ಬಂದಾಗ ಅವರು ಸ್ವಲ್ಪ ಹೊತ್ತು ನಿಂತರು, ಕನ್ನಡಕ ಸರಿಮಾಡಿಕೊಂಡರು, ಮತ್ತೆ ಓದಿದರು.